ಹಂಗಿಲ್ಲದ ಸವಾರಿ: ಹಿರಿಯರ ಓಡಾಟವೂ ಸ್ವಯಂಸೇವೆಯ ಏರ್ಪಾಡೂ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನುಷ್ಯನ ಆಯುಷ್ಯಕ್ಕೂ ಅವನು ಕಾರು ಓಡಿಸಬಲ್ಲ ಅವಧಿಗೂ ನಡುವೆ ಒಂದು ಅಂತರವಿದ್ದು, ವೃದ್ಧಾಪ್ಯವನ್ನು ಅಧ್ಯಯನ ಮಾಡುವ ವಿದ್ವಾಂಸರು ಅದನ್ನು ಅಳೆದೂ ನೋಡಿದ್ದಾರೆ. ಡೇನಿಯಲ್ ಫೋಲಿ ಮತ್ತು ಸಂಗಡಿಗರು 2002ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 70 ದಾಟಿದ ಮೇಲೂ ಕಾರು ಓಡಿಸುತ್ತಿರುವ ಗಂಡಸರು ಚಾಲನೆ ನಿಲ್ಲಿಸಿದ ನಂತರ ಸರಾಸರಿ ಸುಮಾರು 6 ವರ್ಷ, ಹೆಂಗಸರು ಸುಮಾರು 10 ವರ್ಷ ಬದುಕಿರುತ್ತಾರೆ. ಅಂದರೆ ಬದುಕಿನ ಕೊನೆಯ ಭಾಗದಲ್ಲಿ, ವೈದ್ಯರ ಬಳಿ ಹೋಗುವ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವ ಹೊತ್ತಿನಲ್ಲೇ, ಆ ದೇಶದ ಪ್ರಜೆಯೊಬ್ಬರು ಮನೆಯ ಬಾಗಿಲು ದಾಟಲು ಇನ್ನೊಬ್ಬರನ್ನು ಅವಲಂಬಿಸಬೇಕಾಗುತ್ತದೆ. ಈ ವರ್ಷಗಳನ್ನು ತುಂಬುವ ಕೆಲಸವನ್ನು ಅಲ್ಲಿ ಬಹುಮಟ್ಟಿಗೆ ಮಾಡುತ್ತಿರುವುದು ಊರೂರಿನ ಸಣ್ಣ ಲಾಭರಹಿತ ಸಂಸ್ಥೆಗಳು ಮತ್ತು ಅವುಗಳ ಸ್ವಯಂಸೇವಕ ಚಾಲಕರು. ಲಾಭರಹಿತ ಸಂಸ್ಥೆ ಎಂದರೆ, ಆದಾಯದಲ್ಲಿ ಉಳಿದದ್ದನ್ನು ಪಾಲುದಾರರಿಗೆ ಹಂಚದೆ ಉದ್ದೇಶಿತ ಸೇವೆಗೇ ಮರಳಿಸಲು ಕಾನೂನಿನಿಂದ ಬದ್ಧವಾಗಿರುವ, ಅದಕ್ಕೆ ಪ್ರತಿಯಾಗಿ ಆದಾಯ ತೆರಿಗೆಯಿಂದ ವಿನಾಯಿತಿ ಪಡೆದಿರುವ ಸಂಸ್ಥೆ. ಹೊರನೋಟಕ್ಕೆ ಇವುಗಳ ಕೆಲಸ ಬಹಳ ಸರಳ: ಒಬ್ಬರು ಫೋನ್ ಮಾಡುತ್ತಾರೆ, ಇನ್ನೊಬ್ಬರು ಕಾರು ತರುತ್ತಾರೆ. ಆದರೆ ಈ ಸರಳ ಕೆಲಸ ವರ್ಷಗಟ್ಟಲೆ ನಿಲ್ಲದೆ ನಡೆಯಬೇಕಾದರೆ, ಮತ್ತು ಕಾರು ಹತ್ತುವ ಹಿರಿಯರಿಗೆ ತಾವು ಯಾರದೋ ಹಂಗಿನಲ್ಲಿದ್ದೇವೆ ಎನಿಸದಿರಬೇಕಾದರೆ, ಅದರ ಹಿಂದೆ ಎಂಥ ಏರ್ಪಾಡು ಬೇಕೆಂಬುದು ಕೂಲಂಕಷವಾಗಿ ನೋಡಬೇಕಾದ ವಿಷಯ.

ಸಮಸ್ಯೆಯ ಬೇರು ಊರುಗಳ ಹಂಚಿಕೆಯಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮಧ್ಯಮ ವರ್ಗ ನಗರಗಳ ಅಂಚಿನ ಬಡಾವಣೆಗಳಿಗೆ ಸರಿದಾಗ, ಭೂಬಳಕೆಯ ನಿಯಮಗಳು ವಾಸದ ಮನೆಗಳನ್ನು ಒಂದು ಕಡೆಗೂ ಅಂಗಡಿ, ಆಸ್ಪತ್ರೆ, ಕಚೇರಿಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಿದವು. ಎಷ್ಟೋ ಬಡಾವಣೆಗಳಲ್ಲಿ ಕಾಲುದಾರಿ ಕೂಡ ಇಲ್ಲದೆ, ಒಂದು ಸೇರು ಹಾಲು ತರುವುದಕ್ಕೂ ಕಾರೇ ಗತಿಯೆಂಬಂತಾಯಿತು. ನಲವತ್ತರ ವಯಸ್ಸಿನಲ್ಲಿ ಸ್ವಾತಂತ್ರ್ಯದ ಗುರುತಾಗಿದ್ದ ಮನೆ ಎಂಬತ್ತರಲ್ಲಿ ಅದೇ ಜಾಗದಲ್ಲಿ ನಿಂತಿರುತ್ತದೆ, ಆದರೆ ಮನೆಯೊಡೆಯರ ಕಣ್ಣು, ಕತ್ತು, ಪ್ರತಿಕ್ರಿಯೆಯ ವೇಗ ಅದೇ ಆಗಿರುವುದಿಲ್ಲ. ಚಾಲನೆ ಬಿಟ್ಟ ಹಿರಿಯರಲ್ಲಿ ಖಿನ್ನತೆ ಹೆಚ್ಚುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಆದುದರಿಂದಲೇ ಚಾಲನಾ ಪರವಾನಗಿಯನ್ನು ಹಿಂದಿರುಗಿಸುವ ಮಾತು ಅಲ್ಲಿನ ಕುಟುಂಬಗಳಲ್ಲಿ ಅತ್ಯಂತ ನೋವಿನ ಮಾತುಗಳಲ್ಲೊಂದು.

ಸರ್ಕಾರ ಏನನ್ನೂ ಮಾಡಿಲ್ಲವೆಂದು ಇದರ ಅರ್ಥವಲ್ಲ. 1965ರ ಜುಲೈ ತಿಂಗಳೊಂದರಲ್ಲೇ ಅಧ್ಯಕ್ಷ ಲಿಂಡನ್ ಜಾನ್ಸನ್ ಹಿರಿಯ ಅಮೆರಿಕನ್ನರ ಕಾಯ್ದೆಗೂ, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಹಾಗೂ ಬಡವರ ಆರೋಗ್ಯ ನೆರವಾದ ಮೆಡಿಕೇಡ್ ಯೋಜನೆಗಳಿಗೂ ಸಹಿ ಹಾಕಿದರು. ಹಿರಿಯ ಅಮೆರಿಕನ್ನರ ಕಾಯ್ದೆಗೆ 1973ರಲ್ಲಿ ಬಂದ ತಿದ್ದುಪಡಿ ಪ್ರಾದೇಶಿಕ ವಯೋಸೇವಾ ಸಂಸ್ಥೆಗಳ ಜಾಲಕ್ಕೆ ದಾರಿ ಮಾಡಿತು. ಇಂದು ದೇಶದಲ್ಲಿ 600ಕ್ಕೂ ಹೆಚ್ಚಿರುವ ಈ ಸಂಸ್ಥೆಗಳ ಮೂಲಕ ಫೆಡರಲ್ ಅನುದಾನ ಊಟ, ಸಾರಿಗೆ, ಮನೆಗೆಲಸದ ನೆರವುಗಳಾಗಿ ಸ್ಥಳೀಯ ಸೇವಾಸಂಸ್ಥೆಗಳಿಗೆ ಹರಿಯುತ್ತದೆ. 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ನಿಗದಿತ ಮಾರ್ಗಗಳಲ್ಲಿ ಬಸ್ಸು ಓಡಿಸುವ ಪ್ರತಿಯೊಂದು ಸಾರ್ವಜನಿಕ ಸಾರಿಗೆ ಸಂಸ್ಥೆಯೂ ಆ ಬಸ್ಸನ್ನು ಬಳಸಲಾಗದ ಅಂಗವಿಕಲರಿಗಾಗಿ ಪೂರಕ ಸಾರಿಗೆಯನ್ನು, ಅಂದರೆ ಮುಂಚಿತವಾಗಿ ಕಾದಿರಿಸಿದರೆ ಮನೆಯ ಬಳಿಗೇ ಬರುವ ಸಣ್ಣ ವ್ಯಾನನ್ನು, ಒದಗಿಸಲೇಬೇಕು. ಅದರ ದರ ಬಸ್ಸಿನ ದರದ ಎರಡರಷ್ಟನ್ನು ಮೀರುವಂತಿಲ್ಲ.

ಇಷ್ಟಿದ್ದರೂ ಕಂದಕ ಉಳಿಯುತ್ತದೆ. ಪೂರಕ ಸಾರಿಗೆಯ ಕಡ್ಡಾಯ ಬಸ್ ಮಾರ್ಗದಿಂದ ಮುಕ್ಕಾಲು ಮೈಲಿ, ಅಂದರೆ ಸುಮಾರು 1.2 ಕಿಲೋಮೀಟರ್ ಒಳಗಿನವರಿಗೆ ಮಾತ್ರ ಅನ್ವಯಿಸುತ್ತದೆ. ಬಸ್ಸೇ ಇಲ್ಲದ ಹಳ್ಳಿಗೆ ಅದೂ ಇಲ್ಲ. ಅದರ ಅರ್ಹತೆ ವಯಸ್ಸಿನಿಂದಲ್ಲ, ಅಂಗವೈಕಲ್ಯದಿಂದ ನಿರ್ಧಾರವಾಗುವುದರಿಂದ, ರಾತ್ರಿ ಹೊತ್ತು ಕಣ್ಣು ಮಂಜಾಗುತ್ತದೆಂಬ ಕಾರಣಕ್ಕೆ ಕಾರು ಬಿಟ್ಟ, ಮಿಕ್ಕಂತೆ ಗಟ್ಟಿಮುಟ್ಟಾಗಿರುವ ಹಿರಿಯರು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಮೆಡಿಕೇಡ್ ಯೋಜನೆ ತುರ್ತಲ್ಲದ ವೈದ್ಯಕೀಯ ಪ್ರಯಾಣದ ವೆಚ್ಚ ಭರಿಸುತ್ತದಾದರೂ ಅದು ಬಡವರಿಗಷ್ಟೇ. ಹಿರಿಯರ ವಿಮೆಯಾದ ಮೆಡಿಕೇರಿನ ಮೂಲ ಯೋಜನೆ ಆಂಬುಲೆನ್ಸ್ ಬಿಟ್ಟರೆ ಸಾಮಾನ್ಯ ಪ್ರಯಾಣಕ್ಕೆ ಹಣ ಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾರ್ವಜನಿಕ ವ್ಯಾನಿನ ಚಾಲಕರು ವಾಹನವನ್ನು ಬಿಟ್ಟು ಕಟ್ಟಡದೊಳಗೆ ಬರುವುದು ಅವರ ಕರ್ತವ್ಯದ ಭಾಗವಲ್ಲ. ಹಿರಿಯರ ಪ್ರಯಾಣದಲ್ಲಿ ನಿಜವಾಗಿ ಕಷ್ಟವಾಗುವುದು ರಸ್ತೆಯ ಹತ್ತು ಮೈಲಿಯಲ್ಲ. ಮನೆಯ ಮೆಟ್ಟಿಲಿಂದ ಕಾರಿನವರೆಗಿನ ಹತ್ತು ಹೆಜ್ಜೆ, ಆಸ್ಪತ್ರೆಯ ಮುಂಬಾಗಿಲಿಂದ ಮೂರನೆಯ ಮಹಡಿಯ ಕೊಠಡಿಯವರೆಗಿನ ನೂರು ಹೆಜ್ಜೆ, ಇವೇ ಕಷ್ಟದ ಹೆಜ್ಜೆಗಳು. ಈ ಹೆಜ್ಜೆಗಳ ಲೆಕ್ಕ ಯಾವ ಸಾರಿಗೆ ಇಲಾಖೆಯ ಅಂಕಿಅಂಶದಲ್ಲೂ ಸಿಗುವುದಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೋ ಅರಿವಳಿಕೆ ಕೊಟ್ಟು ಮಾಡುವ ಕರುಳಿನ ಪರೀಕ್ಷೆಗೋ ಹೋದವರನ್ನು ಜವಾಬ್ದಾರಿ ಹೊರುವ ವಯಸ್ಕರೊಬ್ಬರು ಜೊತೆಯಲ್ಲಿಲ್ಲದಿದ್ದರೆ ಅಲ್ಲಿನ ಆಸ್ಪತ್ರೆಗಳು ಮನೆಗೆ ಕಳಿಸುವುದಿಲ್ಲ, ಟ್ಯಾಕ್ಸಿ ಚಾಲಕರನ್ನು ಅಂಥವರೆಂದು ಒಪ್ಪುವುದೂ ಇಲ್ಲ. ಮಕ್ಕಳು ಬೇರೆ ರಾಜ್ಯದಲ್ಲಿರುವ ಒಂಟಿ ಹಿರಿಯರು ಆ ಪರೀಕ್ಷೆಯನ್ನೇ ಮುಂದೂಡುತ್ತಾರೆ. ಡಯಾಲಿಸಿಸ್ ಅನ್ನು ಮುಂದೂಡುವಂತೆಯೂ ಇಲ್ಲ. ವಾರಕ್ಕೆ ಮೂರು ದಿನ, ತಪ್ಪದೆ, ಹೋಗುವಾಗಿನ ಚೈತನ್ಯ ಬರುವಾಗ ಇಲ್ಲದ ಆ ಪ್ರಯಾಣ ನಡೆಯಲೇಬೇಕು.

ಈ ಕಂದಕವನ್ನು ವಿವೇಕದಿಂದ ಅರ್ಥಮಾಡಿಕೊಂಡು ಕಟ್ಟಿದ ಏರ್ಪಾಡುಗಳಲ್ಲಿ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ 1995ರಲ್ಲಿ ಆರಂಭವಾದ ‘ಇಂಡಿಪೆಂಡೆಂಟ್ ಟ್ರಾನ್ಸ್‌ಪೋರ್ಟೇಷನ್ ನೆಟ್‌ವರ್ಕ್’ ಎದ್ದು ಕಾಣುತ್ತದೆ. ಅದರ ಸ್ಥಾಪಕಿ ಕ್ಯಾಥರಿನ್ ಫ್ರಾಯಿಂಡ್. 1988ರಲ್ಲಿ ಅವರ ಮೂರು ವರ್ಷದ ಮಗನ ಮೇಲೆ ಕಾರೊಂದು ಹರಿಯಿತು. ಅದನ್ನು ಓಡಿಸುತ್ತಿದ್ದ 84 ವರ್ಷದ ಹಿರಿಯರು ತಮ್ಮ ಕಾರಿಗೆ ನಾಯಿಯೇನೋ ಸಿಕ್ಕಿತೆಂದು ಭಾವಿಸಿ ಮುಂದೆ ಹೋಗಿದ್ದರು. ತೀವ್ರವಾಗಿ ಗಾಯಗೊಂಡಿದ್ದ ಮಗು ಬದುಕುಳಿಯಿತು. ಸಾರ್ವಜನಿಕ ನೀತಿಯನ್ನು ವ್ಯಾಸಂಗ ಮಾಡಿದ ಫ್ರಾಯಿಂಡ್ ಆ ಚಾಲಕರನ್ನು ಅಪರಾಧಿಯಾಗಿ ಕಾಣುವ ಬದಲು, ಅಷ್ಟು ವಯಸ್ಸಾದವರು ಇನ್ನೂ ಕಾರು ಓಡಿಸಬೇಕಾದ ಸ್ಥಿತಿ ಏಕಿದೆ, ಓಡಿಸದಿದ್ದರೆ ಅವರಿಗೆ ಬೇರೆ ದಾರಿ ಏನಿತ್ತು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಒಬ್ಬ ತಾಯಿಯ ಸಂಕಟ ದ್ವೇಷವಾಗಿ ಹರಿಯದೆ ಇಂಥ ಪ್ರಶ್ನೆಯಾಗಿ ಹರಳುಗಟ್ಟಿದ್ದು ಸಾಮಾನ್ಯ ಸಂಗತಿಯಲ್ಲ. ಈ ಸಂಸ್ಥೆಯ ಪ್ರತಿಯೊಂದು ನಿಯಮದಲ್ಲೂ ಆ ಉದಾರ ದೃಷ್ಟಿಯ ಗುರುತು ಸಿಗುತ್ತದೆ. ದೇಶದಲ್ಲೇ ಅತಿ ಹೆಚ್ಚಿನ ಸರಾಸರಿ ವಯಸ್ಸಿನ ಜನರಿರುವ, ಚಳಿಗಾಲದಲ್ಲಿ ಹಿಮ ಹೊದ್ದು ಮಲಗುವ ಮೇನ್ ರಾಜ್ಯ ಅಂಥ ಪ್ರಯೋಗಕ್ಕೆ ತಕ್ಕ ನೆಲವೂ ಆಗಿತ್ತು.

ಸಂಸ್ಥೆಯ ಸೇವೆ 60 ದಾಟಿದವರಿಗೆ ಮತ್ತು ದೃಷ್ಟಿದೋಷವುಳ್ಳ ವಯಸ್ಕರಿಗೆ ಮೀಸಲು. ಹಿರಿಯರು ವಾರ್ಷಿಕ ಶುಲ್ಕ ಕೊಟ್ಟು ಸದಸ್ಯರಾಗುತ್ತಾರೆ. ಪ್ರತಿಯೊಬ್ಬ ಸದಸ್ಯರ ಹೆಸರಿನಲ್ಲೂ ಒಂದು ಪ್ರಯಾಣ ಖಾತೆಯಿದ್ದು, ಅದಕ್ಕೆ ಮುಂಗಡವಾಗಿ ಹಣ ಕಟ್ಟಿರುತ್ತಾರೆ. ಪ್ರಯಾಣದ ದೂರಕ್ಕೆ ಅನುಗುಣವಾಗಿ ದರ ಖಾತೆಯಿಂದ ಕಡಿತವಾಗುತ್ತದೆ, ತಿಂಗಳ ಕೊನೆಗೆ ಲೆಕ್ಕದ ಪಟ್ಟಿ ಮನೆಗೆ ಬರುತ್ತದೆ. ಕಾರಿನೊಳಗೆ ಯಾರೂ ಹಣ ಮುಟ್ಟುವುದಿಲ್ಲ, ಭಕ್ಷೀಸು ಕೊಡುವುದು ನಿಷಿದ್ಧ. ಬರುವ ವಾಹನ ಸಂಸ್ಥೆಯ ಹೆಸರನ್ನು ದೊಡ್ಡದಾಗಿ ಬರೆದ ವ್ಯಾನಲ್ಲ, ನೆರೆಮನೆಯವರದೇ ಎಂಬಂಥ ಸಾಧಾರಣ ಕಾರು. ಚಾಲಕರು ಬಾಗಿಲು ತಟ್ಟಿ, ಕೈಹಿಡಿದು, ಮನೆಯ ಹೊಸ್ತಿಲಿಂದ ಹೋಗಬೇಕಾದ ಜಾಗದ ಹೊಸ್ತಿಲೊಳಗಿನವರೆಗೆ ಕರೆದೊಯ್ಯುತ್ತಾರೆ. ಅಂಗಡಿಯಿಂದ ತಂದ ಚೀಲಗಳನ್ನು ಅಡುಗೆಮನೆಯ ಕಟ್ಟೆಯವರೆಗೂ ಮುಟ್ಟಿಸುತ್ತಾರೆ. ವರ್ಷದ ಎಲ್ಲ ದಿನ, ದಿನದ ಎಲ್ಲ ಹೊತ್ತಿನಲ್ಲೂ ಸೇವೆಯಿದೆ, ಮತ್ತು ಪ್ರಯಾಣ ಏತಕ್ಕೆಂದು ಯಾರೂ ಕೇಳುವುದಿಲ್ಲ. ಈ ಕೊನೆಯ ಅಂಶ ಚಿಕ್ಕದೆನಿಸಬಹುದು. ಸಾರ್ವಜನಿಕ ಅನುದಾನದ ಬಹಳಷ್ಟು ಸೇವೆಗಳು ವೈದ್ಯರ ಭೇಟಿಗೆ ಮೊದಲ ಸ್ಥಾನ, ದಿನಸಿಗೆ ಎರಡನೆಯದು ಎಂದು ಆದ್ಯತೆಗಳನ್ನು ಗೊತ್ತುಮಾಡುತ್ತವೆ. ಅನುದಾನ ಮುಗಿಯುವ ಹೊತ್ತಿಗೆ ಗೆಳತಿಯ ಮನೆಗೆ ಇಸ್ಪೀಟು ಆಡಲು, ಕೇಶಾಲಂಕಾರಕ್ಕೆ, ಸಂಗೀತ ಕಛೇರಿಗೆ ಹೋಗಲು ಕಾರು ಉಳಿದಿರುವುದಿಲ್ಲ. ಹಿರಿಯರನ್ನು ಬರೀ ರೋಗಿಗಳೆಂದು ಕಾಣುವ ಏರ್ಪಾಡು ಅವರನ್ನು ಬೇಗನೆ ರೋಗಿಗಳನ್ನಾಗಿಯೇ ಮಾಡುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ.

ಖಾತೆಗೆ ಹಣ ಸೇರುವ ಬಗೆಗಳಲ್ಲೇ ಈ ಮಾದರಿಯ ಹೊಸತನ ಅಡಗಿದೆ. ಕಾರು ಓಡಿಸುವುದನ್ನು ನಿಲ್ಲಿಸಿದ ಹಿರಿಯರು ತಮ್ಮ ಕಾರನ್ನು ಸಂಸ್ಥೆಗೆ ಒಪ್ಪಿಸಿ, ಅದರ ಬೆಲೆಯನ್ನು ಪ್ರಯಾಣದ ಜಮೆಯಾಗಿ ಪರಿವರ್ತಿಸಿಕೊಳ್ಳಬಹುದು. ಗ್ಯಾರೇಜಿನಲ್ಲಿ ಸುಮ್ಮನೆ ನಿಂತು, ವಿಮೆ ಮತ್ತು ರಿಪೇರಿಗೆ ಹಣ ತಿನ್ನುತ್ತಿದ್ದ ವಾಹನ ಹೀಗೆ ಮುಂದಿನ ವರ್ಷಗಳ ಓಡಾಟವಾಗುತ್ತದೆ. ಕಾರನ್ನು ಬಿಟ್ಟುಕೊಡುವುದು ಸೋಲಿನ ಬದಲು ಒಂದು ವ್ಯವಹಾರವಾಗುತ್ತದೆ. ಲಾಭರಹಿತ ಸಂಸ್ಥೆಯೊಂದು ಹೀಗೆ ಕಾರುಗಳನ್ನು ಪಡೆದು ವಿಲೇವಾರಿ ಮಾಡಲು ವಾಹನ ಮಾರಾಟಗಾರರ ಪರವಾನಗಿ ಬೇಕೇ ಎಂಬ ತೊಡಕು ಎದುರಾದಾಗ, ಮೇನ್ ಶಾಸನಸಭೆ ಅಂಥ ಪರವಾನಗಿಯಿಲ್ಲದೆಯೇ ಈ ವಿನಿಮಯಕ್ಕೆ ಕಾನೂನಿನ ಅವಕಾಶ ಮಾಡಿಕೊಟ್ಟಿತು. ಇನ್ನು ಸ್ವಯಂಸೇವಕ ಚಾಲಕರು ತಾವು ಓಡಿಸಿದ ಮೈಲಿಗಳಿಗೆ ಜಮೆ ಗಳಿಸಬಹುದು; ಅದನ್ನು ತಮ್ಮ ಮುಪ್ಪಿಗೆಂದು ಕೂಡಿಡಬಹುದು, ದೂರದ ಊರಿನಲ್ಲಿರುವ ತಾಯಿಯ ಖಾತೆಗೆ ವರ್ಗಾಯಿಸಬಹುದು, ಇಲ್ಲವೇ ಕಡಿಮೆ ಆದಾಯದ ಸದಸ್ಯರ ನೆರವಿನ ನಿಧಿಗೆ ಕೊಡಬಹುದು. ಹಿರಿಯ ಗಿರಾಕಿಗಳು ಹೋಗುವ ಅಂಗಡಿಗಳೂ ಚಿಕಿತ್ಸಾಲಯಗಳೂ ಪ್ರಯಾಣದ ವೆಚ್ಚಕ್ಕೆ ಪಾಲು ಸೇರಿಸುತ್ತವೆ. ಸೇವೆ ಪಡೆಯುವವರು ದರ ಕೊಡುವ ಸದಸ್ಯರೂ ಹೌದು, ಕಾರು ಕೊಟ್ಟ ದಾನಿಗಳೂ ಹೌದು, ಹಿಂದೊಮ್ಮೆ ಚಾಲಕರಾಗಿ ದುಡಿದವರೂ ಆಗಿರಬಹುದು. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಭೇದ ಹೀಗೆ ಸದ್ದಿಲ್ಲದೆ ಕರಗುತ್ತದೆ. ಜಪಾನಿನಲ್ಲಿ ಹಿರಿಯರ ಆರೈಕೆಗೆ ಕೊಟ್ಟ ಗಂಟೆಗಳನ್ನು ಜಮೆಯಾಗಿಟ್ಟು ದೂರದ ತಂದೆತಾಯಿಗೆ ವರ್ಗಾಯಿಸುವ ‘ಫುರೆಯಾಯಿ ಕಿಪ್ಪು’ ಪದ್ಧತಿಯೂ, ಅಮೆರಿಕದ ಕಾನೂನು ವಿದ್ವಾಂಸ ಎಡ್ಗರ್ ಕಾನ್ 1980ರ ದಶಕದಲ್ಲಿ ರೂಪಿಸಿದ ಸಮಯ ಬ್ಯಾಂಕಿನ ಕಲ್ಪನೆಯೂ ಇದೇ ಹಾದಿಯವು.

ಎಲ್ಲ ಊರುಗಳಲ್ಲೂ ಇಷ್ಟು ಸುಸಜ್ಜಿತವಾದ ವ್ಯವಸ್ಥೆ ಇಲ್ಲ. ಸಾಮಾನ್ಯ ಅಮೆರಿಕನ್ ಊರಿನ ಸೇವಾಸಂಸ್ಥೆಯಲ್ಲಿ ಇಬ್ಬರೋ ಮೂವರೋ ಸಂಬಳದ ಸಿಬ್ಬಂದಿ, ಚರ್ಚಿನ ನೆಲಮಾಳಿಗೆಯಲ್ಲೋ ಪುರಭವನದ ಮೂಲೆಯಲ್ಲೋ ಒಂದು ಕೊಠಡಿ, ಒಂದು ಫೋನು, ಮತ್ತು ಬಹುಪಾಲು ನಿವೃತ್ತರೇ ಆದ ಚಾಲಕರ ಪಟ್ಟಿ ಇರುತ್ತದೆ. ಆ ಕೊಠಡಿಯ ಹೃದಯವೆಂದರೆ ಪ್ರಯಾಣ ಸಂಯೋಜಕರು: ಯಾರಿಗೆ ಯಾವ ಹೊತ್ತಿಗೆ ಎಲ್ಲಿಗೆ ಹೋಗಬೇಕು, ಯಾವ ಚಾಲಕರು ಹೆದ್ದಾರಿಗೆ ಹೋಗಲು ಒಪ್ಪುವುದಿಲ್ಲ, ಯಾರ ಕಾರಿನಲ್ಲಿ ಊರಿ ನಡೆಯುವ ನಾಲ್ಕು ಕಾಲಿನ ಚೌಕಟ್ಟು ಹಿಡಿಸುತ್ತದೆ, ಯಾರಿಗೆ ನಾಯಿಯ ಕೂದಲು ಆಗುವುದಿಲ್ಲ ಎಂಬುದೆಲ್ಲ ತಿಳಿದಿರುವವರು. ಸ್ವಯಂಸೇವೆ ಎಂದರೆ ಖರ್ಚಿಲ್ಲದ ಸೇವೆಯೆಂಬ ತಿಳುವಳಿಕೆ ತಪ್ಪೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಚಾಲಕರಾಗಲು ಬಂದವರ ಚಾಲನಾ ದಾಖಲೆಯನ್ನು ರಾಜ್ಯದಿಂದ ತರಿಸಿ ನೋಡಬೇಕು, ಅಪರಾಧ ಹಿನ್ನೆಲೆಯ ಪರಿಶೀಲನೆ ನಡೆಸಬೇಕು, ಅವರ ಕಾರಿನ ವಿಮೆ ಸಾಕಷ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಅದಕ್ಕೆ ಮೀರಿದ ಹೊಣೆಗಾಗಿ ಸಂಸ್ಥೆಯೇ ಹೆಚ್ಚುವರಿ ವಿಮೆ ಕೊಳ್ಳಬೇಕು, ಮರೆವಿನ ಕಾಯಿಲೆಯಿರುವವರ ಜೊತೆ ಹೇಗೆ ಮಾತಾಡಬೇಕು, ಬೀಳುವವರನ್ನು ಹೇಗೆ ಆತುಕೊಳ್ಳಬೇಕು ಎಂಬ ತರಬೇತಿ ಕೊಡಬೇಕು. ಒಬ್ಬರ ಕೈಹಿಡಿದು ಮೆಟ್ಟಿಲಿಳಿಸುವ ಆ ಕ್ಷಣದ ಹಿಂದೆ ಇಷ್ಟೆಲ್ಲ ಕಾಗದಪತ್ರ, ಇಷ್ಟೆಲ್ಲ ಹಣ ಬೇಕಾಗುತ್ತದೆ. ದಾನಿಗಳು ವ್ಯಾನು ಕೊಡಿಸಲು ಮುಂದೆ ಬರುತ್ತಾರೆ, ಸಂಯೋಜಕರ ಸಂಬಳಕ್ಕೆ ಹಣ ಕೇಳಿದರೆ ಹಿಂಜರಿಯುತ್ತಾರೆ. ಆದರೆ ಸೇವೆ ನಿಲ್ಲುವುದು ವ್ಯಾನು ಕೆಟ್ಟಾಗಲ್ಲ, ಸಂಯೋಜಕರು ಬಿಟ್ಟುಹೋದಾಗ.

ಕಾನೂನು ಕೂಡ ಸ್ವಯಂಸೇವಕ ಚಾಲಕರ ಪರವಾಗಿ ಪೂರ್ತಿ ನಿಂತಿಲ್ಲ. ಸದುದ್ದೇಶದಿಂದ ದುಡಿಯುವ ಸ್ವಯಂಸೇವಕರನ್ನು ನಷ್ಟಪರಿಹಾರದ ಮೊಕದ್ದಮೆಗಳಿಂದ ಕಾಪಾಡಲು 1997ರಲ್ಲಿ ಬಂದ ಫೆಡರಲ್ ಕಾಯ್ದೆಯ ರಕ್ಷಣೆ, ಮೋಟಾರು ವಾಹನ ಓಡಿಸುವಾಗ ಆದ ಹಾನಿಗೆ ಅನ್ವಯಿಸುವುದಿಲ್ಲ. ತೆರಿಗೆಯ ವಿಷಯದಲ್ಲಿ ಅನ್ಯಾಯ ಇನ್ನೂ ಎದ್ದು ಕಾಣುವಂಥದು. ವ್ಯವಹಾರಕ್ಕಾಗಿ ಸ್ವಂತ ಕಾರು ಓಡಿಸಿದವರು ಲೆಕ್ಕ ಹಿಡಿಯಬಹುದಾದ ದರವನ್ನು ಅಮೆರಿಕದ ತೆರಿಗೆ ಇಲಾಖೆ ಪೆಟ್ರೋಲು ಮತ್ತಿತರ ವೆಚ್ಚಗಳ ಏರಿಳಿತ ನೋಡಿ ಪ್ರತಿವರ್ಷ ಪರಿಷ್ಕರಿಸುತ್ತದೆ. 2025ಕ್ಕೆ ಅದು ಮೈಲಿಗೆ 70 ಸೆಂಟ್ ಆಗಿತ್ತು. ದತ್ತಿಸೇವೆಗಾಗಿ ಓಡಿಸಿದವರ ದರ ಮಾತ್ರ ಕಾಯ್ದೆಯ ಒಳಗೇ ಬರೆದಿಟ್ಟ ಅಂಕಿಯಾದ್ದರಿಂದ, 1998ರಿಂದ ಈಚೆಗೆ ಮೈಲಿಗೆ 14 ಸೆಂಟಿನಲ್ಲೇ ನಿಂತಿದೆ. ಸಂಸ್ಥೆ ಅದಕ್ಕಿಂತ ಹೆಚ್ಚು ಭತ್ಯೆ ಕೊಟ್ಟರೆ ಹೆಚ್ಚುವರಿ ಹಣ ಚಾಲಕರ ತೆರಿಗೆಯ ಆದಾಯಕ್ಕೆ ಸೇರಿಬಿಡಬಹುದು. ಗ್ರಾಮೀಣ ಪ್ರದೇಶದಲ್ಲಿ ಈ ಸಮಸ್ಯೆ ಇಮ್ಮಡಿಯಾಗುತ್ತದೆ, ಏಕೆಂದರೆ ಚಾಲಕರು ಪ್ರಯಾಣಿಕರ ಮನೆ ತಲುಪಲು ಮತ್ತು ಅವರನ್ನು ಇಳಿಸಿ ಹಿಂದಿರುಗಲು ಖಾಲಿ ಕಾರಿನಲ್ಲಿ ಓಡಿಸುವ ಮೈಲಿಗಳು ಜೊತೆಯಲ್ಲಿ ಸಾಗುವ ಮೈಲಿಗಳಿಗಿಂತ ಹೆಚ್ಚಾಗಿರುವುದುಂಟು. ಈ ದರವನ್ನು ಏರಿಸಬೇಕೆಂಬ ಮಸೂದೆಗಳು ಅಮೆರಿಕನ್ ಕಾಂಗ್ರೆಸ್ಸಿನ ಮುಂದೆ ಮತ್ತೆ ಮತ್ತೆ ಬಂದಿವೆ.

ಓಡಾಟದ ಸೇವೆಯೊಂದೇ ಇರುವ ಸಂಸ್ಥೆಗಳು ಕಡಿಮೆ. ಮನೆಗೆ ಬಿಸಿಯೂಟ ತಲುಪಿಸುವ ‘ಮೀಲ್ಸ್ ಆನ್ ವೀಲ್ಸ್’ ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಮಹಿಳಾ ಸ್ವಯಂಸೇವಾ ದಳದಿಂದ ಬೆಳೆದು, 1954ರಲ್ಲಿ ಫಿಲಡೆಲ್ಫಿಯಾದ ಮೂಲಕ ಅಮೆರಿಕಕ್ಕೆ ಬಂದ ಪದ್ಧತಿ. ಊಟದ ಡಬ್ಬಿ ಕೊಡಲು ಬಂದವರೇ ಹಿರಿಯರು ಹೇಗಿದ್ದಾರೆ, ನಿನ್ನೆಯ ಡಬ್ಬಿ ತೆರೆಯದೆ ಉಳಿದಿದೆಯೇ ಎಂದು ನೋಡಿಹೋಗುತ್ತಾರೆ. ಕ್ಯಾನ್ಸರ್ ರೋಗಿಗಳನ್ನು ಚಿಕಿತ್ಸೆಗೆ ಕರೆದೊಯ್ಯುವ ‘ರೋಡ್ ಟು ರಿಕವರಿ’ ಕಾರ್ಯಕ್ರಮವನ್ನು ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಸ್ವಯಂಸೇವಕ ಚಾಲಕರಿಂದಲೇ ನಡೆಸುತ್ತದೆ. ಬಾಸ್ಟನ್ನಿನ ಬೀಕನ್ ಹಿಲ್ ಬಡಾವಣೆಯ ಹಿರಿಯರು ವೃದ್ಧಾಶ್ರಮಕ್ಕೆ ಹೋಗಲೊಲ್ಲದೆ ತಾವೇ ಕೂಡಿ ಕಟ್ಟಿ, 2002ರಲ್ಲಿ ಸೇವೆ ಆರಂಭಿಸಿದ ‘ಬೀಕನ್ ಹಿಲ್ ವಿಲೇಜ್’ ಎಂಬ ಸದಸ್ಯ ಸಂಸ್ಥೆ ಕಾರಿನ ಸವಾರಿ, ಬಲ್ಬು ಬದಲಾಯಿಸುವುದು, ನಂಬಿಕಸ್ಥ ಕೊಳಾಯಿಗಾರರನ್ನು ಹುಡುಕಿಕೊಡುವುದು, ಜೊತೆಗೂಡಿ ಉಪನ್ಯಾಸಕ್ಕೆ ಹೋಗುವುದು ಇವೆಲ್ಲವನ್ನೂ ಒಂದೇ ಫೋನಿನ ಕರೆಗೆ ತಂದಿತು. ಅದನ್ನು ನೋಡಿ ದೇಶದ ಉದ್ದಗಲಕ್ಕೂ ಅಂಥ ‘ವಿಲೇಜ್’ಗಳು ಹುಟ್ಟಿದವು. ಇವೆಲ್ಲವುಗಳಲ್ಲೂ ಸವಾರಿಯೇ ಮೊದಲ ಪರಿಚಯದ ದಾರಿಯಾಗುತ್ತದೆ. ನೆರವು ಬೇಡವೆನ್ನುವ ಸ್ವಾಭಿಮಾನಿಗಳೂ ಒಂದು ಸವಾರಿಗೆ ಒಪ್ಪುತ್ತಾರೆ, ಮತ್ತು ಕಾರಿನಲ್ಲಿ ಅಕ್ಕಪಕ್ಕ ಕೂತು ಮುಂದಿನ ರಸ್ತೆಯನ್ನು ನೋಡುತ್ತಿರುವಾಗ, ಎದುರುಬದುರು ಕೂತಾಗ ಹೇಳಲಾಗದ್ದನ್ನು ಹೇಳುತ್ತಾರೆ: ಮಾತ್ರೆಗೆ ದುಡ್ಡು ಸಾಲುತ್ತಿಲ್ಲ, ಸ್ನಾನದ ಮನೆಯಲ್ಲಿ ಎರಡು ಸಲ ಬಿದ್ದೆ, ಮಗ ಫೋನು ಮಾಡಿ ತಿಂಗಳಾಯಿತು. ತರಬೇತಿ ಪಡೆದ ಚಾಲಕರು ಇದನ್ನು ಒಪ್ಪಿಗೆ ಪಡೆದು ಸಂಯೋಜಕರಿಗೆ ತಿಳಿಸಿದರೆ, ಊಟವೋ ಹಿಡಿಗಂಬಿಯೋ ಆಪ್ತಸಲಹೆಯೋ ಸಕಾಲಕ್ಕೆ ಒದಗುತ್ತದೆ.

ಸ್ವಯಂಸೇವಕರೇ ಬಹುಪಾಲು ಹಿರಿಯರಾಗಿರುವುದು ಈ ವ್ಯವಸ್ಥೆಯ ಬಲವೂ ಹೌದು, ಆತಂಕವೂ ಹೌದು. ನಿವೃತ್ತರ ಅನುಭವವನ್ನು ಊರಿನ ಕೆಲಸಕ್ಕೆ ತೊಡಗಿಸುವ ಸಲುವಾಗಿ 1971ರಿಂದ ನಡೆದುಬಂದಿರುವ, 55 ದಾಟಿದವರಿಗಾಗಿಯೇ ಇರುವ ಫೆಡರಲ್ ಸ್ವಯಂಸೇವಾ ಕಾರ್ಯಕ್ರಮವೊಂದು ಇಂಥ ಸಂಸ್ಥೆಗಳಿಗೆ ಚಾಲಕರನ್ನು ಒದಗಿಸುತ್ತದೆ. 68ರವರು 85ರವರನ್ನು ಕರೆದೊಯ್ಯುವುದು ಅಲ್ಲಿ ಎಲ್ಲೆಡೆ ಕಾಣುವ ದೃಶ್ಯ. ಆ ಚಾಲಕರಿಗೆ ವಾರದಲ್ಲಿ ಎರಡು ದಿನ ತಮ್ಮನ್ನು ಕಾಯುವವರು ಇದ್ದಾರೆಂಬ ಭಾವ ಸಣ್ಣದಲ್ಲ. ಆದರೆ ನಿವೃತ್ತಿಯ ವಯಸ್ಸು ಮುಂದೆ ಸರಿಯುತ್ತಿದೆ, ನಿವೃತ್ತರು ಮೊಮ್ಮಕ್ಕಳ ಪೋಷಣೆಯ ಹೊಣೆ ಹೊರುತ್ತಿದ್ದಾರೆ. 2020ರ ಕೋವಿಡ್ ಪಿಡುಗಿನಲ್ಲಿ ಸೋಂಕಿನ ಭಯಕ್ಕೆ ಬಿಟ್ಟುಹೋದ ಎಷ್ಟೋ ಚಾಲಕರು ಹಿಂದಿರುಗಲೇ ಇಲ್ಲ. ಮೊಬೈಲಿನಲ್ಲಿ ಕರೆದರೆ ಬರುವ ಬಾಡಿಗೆ ಕಾರುಗಳನ್ನು ಕೆಲವು ಸಂಸ್ಥೆಗಳು ರಿಯಾಯಿತಿ ದರದಲ್ಲಿ ಜೋಡಿಸಿಕೊಂಡಿವೆ. ಅವು ದೂರವನ್ನು ಕ್ರಮಿಸುತ್ತವೆ, ಆದರೆ ಮೇಲೆ ಹೇಳಿದ ನೂರು ಹೆಜ್ಜೆಗಳನ್ನಲ್ಲ. ಯಂತ್ರಚಾಲಿತ ಗಾಲಿಕುರ್ಚಿ ಬಳಸುವವರನ್ನು ಸ್ವಯಂಸೇವಕರ ಸಾಧಾರಣ ಕಾರು ಕೂಡ ಕರೆದೊಯ್ಯಲಾರದು. ಲಿಫ್ಟ್ ಇರುವ ವ್ಯಾನು ಅನಿವಾರ್ಯವಾದ ಅವರ ಮಟ್ಟಿಗೆ ಸಾರ್ವಜನಿಕ ಸಾರಿಗೆಯ ಹೊಣೆಯನ್ನು ಯಾವ ದತ್ತಿಸಂಸ್ಥೆಯೂ ಪೂರ್ತಿ ಹೊರಲಾಗದು. ಸದಸ್ಯತ್ವದ ಶುಲ್ಕವೇ ಭಾರವಾಗುವ ಬಡಾವಣೆಗಳಲ್ಲಿ ಈ ಮಾದರಿ ಸುಲಭವಾಗಿ ಬೇರೂರಿಲ್ಲವೆಂಬುದನ್ನೂ ಒಪ್ಪಬೇಕು.

ಈ ವಿಷಯ ಕನ್ನಡಿಗರಿಗೆ ದೂರದ್ದಲ್ಲ. ಮಕ್ಕಳ ಜೊತೆ ನೆಲೆಸಲು, ಇಲ್ಲವೇ ಆರಾರು ತಿಂಗಳಿಗೆಂದು ಕರ್ನಾಟಕದಿಂದ ಅಮೆರಿಕಕ್ಕೆ ಹೋಗುವ ತಂದೆತಾಯಂದಿರಲ್ಲಿ ಅನೇಕರಿಗೆ ಅಲ್ಲಿ ಕಾರು ಓಡಿಸುವ ಪರವಾನಗಿ ಇರುವುದಿಲ್ಲ. ಊರಿನಲ್ಲಿ ಬೆಳಿಗ್ಗೆ ಎದ್ದು ತಾವೇ ನಡೆದು ಹಾಲಿಗೂ ದೇವಸ್ಥಾನಕ್ಕೂ ಹೋಗುತ್ತಿದ್ದವರು ಮಗಳಿಗೋ ಅಳಿಯನಿಗೋ ಬಿಡುವಾಗುವ ಶನಿವಾರಕ್ಕಾಗಿ ಕಾಯುತ್ತಾರೆ. ಕ್ಯಾಲಿಫೋರ್ನಿಯದ ಮಿಲ್ಪಿಟಾಸ್‌ನಲ್ಲಿರುವ ಇಂಡಿಯಾ ಕಮ್ಯುನಿಟಿ ಸೆಂಟರಿನಂಥ ಲಾಭರಹಿತ ಸಂಸ್ಥೆಗಳು ಹಿರಿಯರಿಗಾಗಿ ಕಾರ್ಯಕ್ರಮಗಳನ್ನು ನಡೆಸುತ್ತವೆ, ಕನ್ನಡ ಕೂಟಗಳು ಹಬ್ಬಹರಿದಿನಗಳಲ್ಲಿ ಅವರನ್ನು ಒಂದೆಡೆ ಸೇರಿಸುತ್ತವೆ. ಕೂಟಗಳ ಸದಸ್ಯರಲ್ಲೇ ನಿವೃತ್ತರಾಗುತ್ತಿರುವ ಮೊದಲ ತಲೆಮಾರಿನವರು ವಾರದ ದಿನಗಳಲ್ಲಿ ಚಾಲಕರ ಪಟ್ಟಿಯೊಂದನ್ನು ಮಾಡಿಕೊಂಡರೆ, ಕನ್ನಡದಲ್ಲೇ ಮಾತಾಡುತ್ತ ವೈದ್ಯರ ಬಳಿ ಹೋಗಿಬರುವ ಅನುಕೂಲ ಎಷ್ಟು ಮನೆಗಳಿಗೆ ಸಿಗುತ್ತದೆಂಬುದು ಅವರು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಕರ್ನಾಟಕದ ಒಳಗಿನ ಚಿತ್ರ ಬೇರೆಯದು. 2011ರ ಜನಗಣತಿಯಲ್ಲಿ ರಾಜ್ಯದ ಜನರಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು, ಆ ಪ್ರಮಾಣ ಏರುತ್ತಲೇ ಇದೆ. ಇಲ್ಲಿನ ನೆರವು ಮುಖ್ಯವಾಗಿ ಟಿಕೆಟ್ಟಿನ ದರದ ಮೂಲಕ ಬಂದಿದೆ: ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಹಿರಿಯರಿಗೆ ಶೇ 25ರ ರಿಯಾಯಿತಿ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ರೈಲ್ವೆಯ ಹಿರಿಯರ ರಿಯಾಯಿತಿ ಮಾತ್ರ 2020ರ ಮಾರ್ಚಿನಲ್ಲಿ ನಿಂತಿತು. ದರ ಇಳಿಸುವುದು ಉಪಕಾರವೇ, ಅಜ್ಜಿಯೊಬ್ಬರಿಗೆ ಮಗನ ಮುಂದೆ ಕೈಚಾಚದೆ ತವರಿಗೆ ಹೋಗಿಬರುವ ಸ್ವಾತಂತ್ರ್ಯ ಅದರಿಂದ ಸಿಕ್ಕಿದೆ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿನಷ್ಟು ಎತ್ತರವಿದ್ದಲ್ಲಿ, ಉಚಿತ ಟಿಕೆಟ್ಟು ಕೂಡ ಮಂಡಿನೋವಿನವರನ್ನು ಒಳಕ್ಕೆ ಹತ್ತಿಸಲಾರದು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರ ಸಹಯೋಗದಲ್ಲಿ 2002ರಿಂದ ನಡೆಸಿಕೊಂಡು ಬಂದ 1090 ಸಂಖ್ಯೆಯ ಹಿರಿಯರ ಸಹಾಯವಾಣಿ, ಒಂದು ಲಾಭರಹಿತ ಸಂಸ್ಥೆ ಮತ್ತು ಒಂದು ಸರ್ಕಾರಿ ಇಲಾಖೆ ಕೈಜೋಡಿಸಿದರೆ ಒಂಟಿ ಹಿರಿಯರ ಮಾತಿಗೆ ಕಿವಿಯಾಗಬಹುದೆಂಬುದನ್ನು ತೋರಿಸಿಕೊಟ್ಟಿದೆ. ಸಂಯೋಜಕರ ಫೋನಿಗೆ ಬೇಕಾದ ತಾಳ್ಮೆ, ಶಿಸ್ತು ಇಲ್ಲಿ ಇಲ್ಲದ್ದೇನಲ್ಲ.

ಸ್ವಂತ ಕಾರಿನ ಸ್ವಯಂಸೇವೆಗೆ ಭಾರತದಲ್ಲಿ ಕಾನೂನಿನ ಅಡ್ಡಿಯೊಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಸೆಕ್ಷನ್ನಿನ ಪ್ರಕಾರ ಬಾಡಿಗೆಗೆ ಓಡುವ ವಾಹನಕ್ಕೆ ಪರ್ಮಿಟ್ ಬೇಕು. ಬಿಳಿ ಫಲಕದ ಖಾಸಗಿ ಕಾರಿನಲ್ಲಿ ಹಣ ಪಡೆದು ಕರೆದೊಯ್ದರೆ ಅದು ನಿಯಮಭಂಗವಾಗುವುದಲ್ಲದೆ, ಅಪಘಾತವಾದಾಗ ವಿಮಾ ಕಂಪನಿ ಹೊಣೆಯಿಂದ ಜಾರಿಕೊಳ್ಳಲು ನೆಪವೂ ಸಿಗುತ್ತದೆ. ಬ್ರಿಟನ್ನಿನ 1985ರ ಸಾರಿಗೆ ಕಾಯ್ದೆ ತನ್ನ 19ನೆಯ ಸೆಕ್ಷನ್ನಿನಲ್ಲಿ ಲಾಭರಹಿತ ಸಂಸ್ಥೆಗಳಿಗೆಂದೇ ಪ್ರತ್ಯೇಕ ಪರ್ಮಿಟ್ ಇಟ್ಟು, ವಾಣಿಜ್ಯ ಪರವಾನಗಿಯಿಲ್ಲದೆ ವೆಚ್ಚದಷ್ಟು ದರ ಪಡೆಯಲು ದಾರಿ ಮಾಡಿಕೊಟ್ಟಿದೆ. ಹಿರಿಯರು ತಮ್ಮ ಸವಾರಿಗೆ ತಾವೇ ಹಣ ಕೊಟ್ಟು ಹಂಗಿಲ್ಲದೆ ಓಡಾಡುವ ಏರ್ಪಾಡು ಇಲ್ಲಿ ಬೆಳೆಯಬೇಕಾದರೆ ಅಂಥದೊಂದು ವಿನಾಯಿತಿಯನ್ನು ಶಾಸನಕಾರರು ಪರಿಗಣಿಸಲೇಬೇಕು.

ಆದರೆ ಅದಕ್ಕಾಗಿ ಕಾಯದೆಯೂ ಆಗುವ ಕೆಲಸವೊಂದಿದೆ. ಅಮೆರಿಕದಲ್ಲಿ ಚಾಲಕರೂ ಜೊತೆಗಾರರೂ ಒಬ್ಬರೇ ಆಗಿರುವುದಕ್ಕೆ ಕಾರಣ ಅಲ್ಲಿ ಚಾಲಕರ ಕೂಲಿ ದುಬಾರಿ ಎಂಬುದು. ಕರ್ನಾಟಕದ ಪಟ್ಟಣಗಳಲ್ಲಿ ಆಟೋ ಕರೆದರೆ ಸಿಗುತ್ತದೆ, ದರವೂ ಅನೇಕರಿಗೆ ನಿಲುಕುವಂಥದು. ಸಿಗದಿರುವುದು ಆಸ್ಪತ್ರೆಯ ಗೇಟಿನಿಂದಾಚೆ ಜೊತೆಗಿರುವವರು. ಹೊರರೋಗಿ ವಿಭಾಗದ ಚೀಟಿಗೆ ಒಂದು ಸಾಲು, ರಕ್ತಪರೀಕ್ಷೆಗೆ ಇನ್ನೊಂದು ಕಟ್ಟಡ, ಔಷಧಿಗೆ ಮತ್ತೊಂದು ಕಿಟಕಿ, ವೈದ್ಯರು ಹೇಳಿದ್ದನ್ನು ಕೇಳಿ ನೆನಪಿಟ್ಟುಕೊಳ್ಳಲು ಇನ್ನೊಂದು ಜೊತೆ ಕಿವಿ: ಇವಕ್ಕೆ ಕಾರೂ ಬೇಡ, ಪರವಾನಗಿಯೂ ಬೇಡ, ಅರ್ಧ ದಿನದ ಬಿಡುವು ಮತ್ತು ಬೇಸರಿಸದ ಮನಸ್ಸು ಸಾಕು. 1969ರಿಂದ ಕಾಲೇಜು ಕಾಲೇಜುಗಳಲ್ಲಿ ನಡೆದುಬಂದಿರುವ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೂ ಬಡಾವಣೆಗಳ ಹಿರಿಯ ನಾಗರಿಕರ ಸಂಘಗಳ ಗಟ್ಟಿಮುಟ್ಟಾದ ಸದಸ್ಯರೂ ಇಂಥ ಜೊತೆಗಾರರಾಗಬಲ್ಲರು. ಅವರ ಗುರುತು, ನಡತೆಗಳನ್ನು ಪರಿಶೀಲಿಸಿ, ಎರಡು ದಿನದ ತರಬೇತಿ ಕೊಟ್ಟು, ಯಾರನ್ನು ಯಾವ ವಾರ್ಡಿಗೆ ಯಾವ ದಿನ ಕಳಿಸಬೇಕೆಂದು ಗೊತ್ತುಮಾಡುವ ಒಬ್ಬ ಸಂಯೋಜಕರನ್ನೂ ಅವರ ಸಂಬಳವನ್ನೂ ಯಾವುದಾದರೂ ಊರಿನ ಟ್ರಸ್ಟು ಹೊತ್ತುಕೊಂಡರೆ, ತಾಲ್ಲೂಕು ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಿಂದಲೇ ಇದನ್ನು ಆರಂಭಿಸಬಹುದು.